ಗಿಲೀಟಿನ ಸವತಿ

“ಪದಕ ಒಯ್ಯೂದಾದ್ರ ಒಯ್ರಿ ಬಾಯಾರ. ಖರೇ, ಅದರ ಬೆನ್ನಿಗಿರೋ ಅರಗ ಮಾತ್ರ ಬಿಚ್ಚಬ್ಯಾಡ್ರಿ. ಬಿಚ್ಚಿದ್ರ ಮನ್ಯಾಗಿನ ಕೂಸಿಗೆ ತ್ರಾಸ ಆಗ್ತೈತಿ.”

ಕನ್ನೊಳ್ಳಿಯ ಬಾಳಮ್ಮ ಇಷ್ಟು ಹೇಳಿ ತನ್ನ ಕೊರಳಿನ ಕಪ್ಪು ದಾರವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಶ್ರೀವಾಣಿ ನಕ್ಕಳು. ನಗಬಾರದಿತ್ತು. ಮುದುಕಿಯೊಬ್ಬಳು ಒಂದು ಮಾತು ಹೇಳಿದಾಗ ನಗುವುದು ಎಂಥ ಓದು, ಎಂಥ ಬುದ್ಧಿ ಎಂದು ಯಾರಾದರೂ ಕೇಳಿಯಾರು. ಆದರೆ ಅವಳು ನಕ್ಕಳು, ಅದೂ ಬಾಯಿ ತುಂಬ.

ಮಟಮಟ ಮಧ್ಯಾಹ್ನ. ಹೊರಗೆ ಚೈತ್ರದ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಆ ಮಣ್ಣಿನ ಮಾಳಿಗೆಯ ಮನೆಯೊಳಗೆ ಗವ್ವೆನ್ನುವ ಕತ್ತಲೆ. ಮೇಲಿನ ಬೆಳಕಿಂಡಿಯಿಂದ ಬಿದ್ದ ಒಂದು ಕೋಲು ಬೆಳಕಿನಲ್ಲಿ ಧೂಳು ತಿರುಗುತ್ತಿತ್ತು. ಹಳೇ ತೊಗರಿಯ ವಾಸನೆ, ಕುಸುಬಿ ಎಣ್ಣೆಯ ಕಮಟು, ಅದರ ಹಿಂದೆ ಎಲ್ಲಿಂದಲೋ ಹಸಿ ಪಾಚಿಯ ನಾತ. ಈ ಬೇಸಿಗೆಯಲ್ಲಿ ಪಾಚಿ ಎಲ್ಲಿಂದ ಬಂತು ಎಂದು ಶ್ರೀವಾಣಿಗೆ ಒಮ್ಮೆ ಅನ್ನಿಸಿತು, ಮರೆತಳು. ಅವಳ ಕಣ್ಣೆಲ್ಲ ಮುದುಕಿಯ ಎದೆಯ ಮೇಲಿನ ಪದಕದ ಮೇಲಿತ್ತು.

ಹಳೇ ಗಿಲೀಟಿನ ದಾಗೀನುಗಳೆಂದರೆ ಅವಳಿಗೆ ಪಂಚಪ್ರಾಣ. ಸೊಲ್ಲಾಪುರದಲ್ಲಿ ಹುಟ್ಟಿ, ಪುಣೆಯಲ್ಲಿ ನಾಟಕ, ಸೀರಿಯಲ್ಲುಗಳ ರಾಣಿಯರಿಗೆ ಒಡವೆ ಮಾಡಿಕೊಡುತ್ತ ಕಸುಬು ಕಲಿತವಳು. ಹೋದ ವರ್ಷ ಸಿಂದಗಿಯ ಕಾಲೇಜು ಮಾಸ್ತರ ಶ್ರೀವಲ್ಲಭನನ್ನು ಮದುವೆಯಾಗಿ ಬಂದ ಮೇಲೆ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಸ್ಕೂಟಿಯ ಮೇಲೆ ತಿರುಗಿ, ಅಜ್ಜಿಯರ ಟ್ರಂಕುಗಳಿಂದ ಹಳೇ ಗಿಲೀಟು ಹೆಕ್ಕುತ್ತಿದ್ದಳು. ತೊಳೆದು, ಬೆಸೆದು, ಹೊಸ ವಿನ್ಯಾಸದಲ್ಲಿ ಪೋಣಿಸಿ, ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದರೆ ಮುಂಬಯಿ ಪುಣೆಯ ಹುಡುಗಿಯರು ಮುಗಿಬಿದ್ದು ಕೊಳ್ಳುತ್ತಿದ್ದರು. ಬಂಗಾರವನ್ನು ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊನ್ನೆ ಮಸೂತಿ ಎಂಬ ಊರಿನಲ್ಲಿ ಸಿಕ್ಕ ಹಿತ್ತಾಳೆಯ ಸೊಂಟದ ಡಾಬನ್ನು ಮಡಿಲಲ್ಲಿಟ್ಟುಕೊಂಡು ಮಗುವನ್ನು ಆಡಿಸಿದಂತೆ ಆಡಿಸಿದ್ದಳು.

“ಯಾರ ಚಿತ್ರ ಅಜ್ಜೀ ಇದರ ಮ್ಯಾಲ?” ಎಂದಳು.

“ನನ್ನ ಸವತಿದ್ರಿ. ರಾಚವ್ವಂದು. ನಮ್ಮ ಮಾಲಕರ ಮೊದಲನೇ ಹೇಣ್ತಿ.”

ಎರಡನೇ ಹೆಂಡತಿಯಾಗಿ ಬಂದವಳು ಸತ್ತ ಮೊದಲನೆಯವಳ ರೂಪ ಒತ್ತಿದ ‘ಟಾಕು’ ಎಂಬ ಪದಕವನ್ನು ಕೊರಳಲ್ಲಿ ಕಟ್ಟಿಕೊಳ್ಳುವುದು ಈ ಕಡೆಯ ಹಳೇ ಪದ್ಧತಿ. ಹೊಸ ಸೀರೆ ಉಟ್ಟರೂ, ಹೂ ಮುಡಿದರೂ ಮೊದಲು ಅದಕ್ಕೆ ಮುಟ್ಟಿಸಬೇಕು. ಸತ್ತವಳಿಗೆ ಹೊಟ್ಟೆಕಿಚ್ಚು ಬರಬಾರದಲ್ಲ, ಅದಕ್ಕೆ. ಸಾಮಾನ್ಯವಾಗಿ ಬೆಳ್ಳಿಯದೋ ಬಂಗಾರದ್ದೋ ಇರುತ್ತದೆ. ಇದು ಗಿಲೀಟಿನದು.

“ಬದುಕಿದ್ದಾಗ ಮಾಲಕರು ಆಕಿ ಬಂಗಾರೆಲ್ಲಾ ಮಾರಿ ಹೊಲಕ್ಕ ಹಾಕಿ, ತಿಳೀದಂಗ ಗಿಲೀಟಿನವು ಮಾಡಿಸಿ ಕೊಳ್ಳಾಗ ಹಾಕಿದ್ರು,” ಬಾಳಮ್ಮನ ದನಿ ಇಳಿಯಿತು. “ದೇವಣಗಾಂವದ ಲಗ್ನದಾಗ ಬೆವತು ಕೊಳ್ಳೆಲ್ಲಾ ಕರ್ರಗಾತು. ಹೆಣಮಕ್ಕಳು ನಕ್ರು. ಬಂದಾಕಿನ ದಾಗೀನ ಸಮೇತ ಬಾವ್ಯಾಗ ಬಿದ್ಲು. ಹೊಟ್ಟೀಲೆ ಒಂದ ಕೂಸ ಇದ್ದಿಲ್ಲ ಆಕಿಗೆ. ನಾ ಬಂದಮ್ಯಾಗ ನನ್ನ ಕೂಸುಗಳ ಬೆನ್ನ ಹತ್ತಿದ್ಲು. ಭೀಮಾ ಹೊಳಿ ಆಚಿ ಮಾಂತ್ರಿಕ ಬಂದು ಆಕಿ ಕೂದಲಾ ಅರಗಿನಾಗ ಕಟ್ಟಿ ಕುಂಡ್ರಿಸ್ಯಾನ. ಆವಾಗೂ ಮಾಲಕರು ಬಂಗಾರಕ್ಕ ಕೈ ಬಿಚ್ಚಲಿಲ್ಲ, ಇದರಾಗ ಮಾಡ್ಸಿದ್ರು.”

“ಅರಗು ಅಂದ್ರ ಗಿಡದ ಅಂಟು ಅಜ್ಜೀ. ಅದರಾಗ ದೆವ್ವ ಹ್ಯಾಂಗ ಕೂಡ್ತದ?”

ಬಾಳಮ್ಮ ಹತ್ತಿರ ಸರಿದು ಶ್ರೀವಾಣಿಯ ಮುಖವನ್ನೇ ನೋಡುತ್ತ, “ನಿಮ್ದೂ ಎರಡನೇ ಸಂಬಂಧ ಅಂದ್ರಿ, ಹೌದಿಲ್ರಿ?” ಎಂದಳು.

“ಹೌದು. ಅವರ ಮೊದಲಿನ ಹೆಂಡತಿ ಸುನಂದಾ ಅಂತ, ತೀರಿಕೊಂಡಾರ. ಒಬ್ಬಾಕಿ ಮಗಳಿದ್ದಾಳ.”

“ನಾ ಎಲ್ಲಾ ಹೇಳೀನಿ. ನೀವು ಕೇಳೀರಿ. ತಿಳದ ಒಯ್ಯಾಕತ್ತೀರಿ, ಹೌದಿಲ್ರಿ?”

“ತಿಳದs ಒಯ್ಯಾಕತ್ತೇನಿ ಅಜ್ಜೀ,” ಎಂದು ಶ್ರೀವಾಣಿ ಮತ್ತೆ ನಕ್ಕಳು.

ಮುದುಕಿ ದಾರವನ್ನು ತಲೆಯ ಮೇಲಿಂದ ತೆಗೆದಳು. ತೆಗೆದವಳೇ ನೀರಿನಿಂದ ಮೇಲೆದ್ದವಳಂತೆ ಉಸಿರೆಳೆದುಕೊಂಡಳು. ಅವಳ ಕೊರಳ ಸುತ್ತ ಇದ್ದಿಲಿನಿಂದ ಗೆರೆ ಎಳೆದಂತೆ ಕಪ್ಪು ಕಲೆಯಿತ್ತು. ಎಷ್ಟು ಒತ್ತಾಯ ಮಾಡಿದರೂ ಒಂದು ರೂಪಾಯಿ ಮುಟ್ಟಲಿಲ್ಲ.

ಮನೆಗೆ ಬಂದಾಗ ಭಾರ್ಗವಿ ಕಟ್ಟೆಯ ಮೇಲೆ ಕೂತು ಕವಡೆ ಆಡುತ್ತಿದ್ದಳು. ಎಂಟು ವರ್ಷದ ಹುಡುಗಿ, ಅವ್ವ ಸುನಂದಾ ಹೋದಾಗಿನಿಂದ ಮಾತು ಕಡಿಮೆ. “ಕಾಕು ಬಂದ್ಲು,” ಎಂದು ಒಳಗೆ ಅಜ್ಜಿಗೆ ಕೂಗಿ ಹೇಳಿ ಮತ್ತೆ ಕವಡೆಗೆ ಬಗ್ಗಿದಳು.

ಕಾಕು! ಊರಿನ ಯಾವ ಹೆಂಗಸನ್ನಾದರೂ ಕರೆಯುವ ಹಾಗೆ. ಶ್ರೀವಾಣಿ ವರ್ಷದಿಂದ ಅವಳ ಜಡೆ ಹೆಣೆದಿದ್ದಾಳೆ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಳೆ, ಸಾಲೆಯ ಡಬ್ಬಿಗೆ ಹೊತ್ತಿಗೆ ಮುಂಚೆ ಎದ್ದು ಚಪಾತಿ ಲಟ್ಟಿಸಿದ್ದಾಳೆ. ಒಮ್ಮೆ, ಒಂದೇ ಒಂದು ಸಲ ಈ ಹುಡುಗಿ ಬಾಯ್ತಪ್ಪಿಯಾದರೂ ‘ಅವ್ವಾ’ ಎಂದರೆ ಸಾಕಿತ್ತು. ಶ್ರೀವಾಣಿಗೆ ಸ್ವಂತ ಮಗು ಆಗುವುದಿಲ್ಲವೆಂದು ಪುಣೆಯ ಡಾಕ್ಟರರು ಎಂದೋ ಹೇಳಿಬಿಟ್ಟಿದ್ದರು. ಅವಳ ಪಾಲಿಗೆ ಇದ್ದ ಮಗಳೆಂದರೆ ಇವಳೊಬ್ಬಳೇ. ಆ ಒಂದು ಕರೆಗಾಗಿ ಅವಳ ಕರುಳು ಹಸಿದಿತ್ತು.

ಪದಕ ನೋಡಿದ್ದೇ ಅತ್ತೆ ಇಂದೂಬಾಯಿಯವರ ಮುಖ ಬಿಳಿಚಿಕೊಂಡಿತು.

“ಸುನಂದಾನ ಟಾಕು ಮಾಡಿಸಿ ಹಾಕ್ಕೊ ಅಂದ್ರ ಮೂಢನಂಬಿಕಿ ಅಂದಿ. ಈಗ ಮಂದಿ ಮನಿ ಸವತೀನ್ನ ಹೊತ್ಕೊಂಡ ಬಂದೀಯಲ್ಲ ವಾಣಿ!”

“ಅತ್ಯಾರ, ಇದು ಬರೇ ಹಿತ್ತಾಳಿ. ನೋಡ್ರಿ ಎಷ್ಟ ಛಂದ ಅದ ಕೆತ್ತನಿ.”

ಶ್ರೀವಲ್ಲಭ ಉತ್ತರಪತ್ರಿಕೆ ತಿದ್ದಲು ಧಾರವಾಡಕ್ಕೆ ಹೋಗಿದ್ದ. ಮನೆಯಲ್ಲಿ ತಡೆಯುವವರು ಬೇರೆ ಯಾರೂ ಇರಲಿಲ್ಲ. ಅತ್ತೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಿತ್ತಲಿನ ಕಿಟಕಿಯಿಲ್ಲದ ಕೋಣೆಯೇ ಅವಳ ಕಾರ್ಖಾನೆ. ಗೋಡೆಯ ಮೊಳೆಗಳ ತುಂಬ ತೂಗುವ ಸರಗಳು, ಅಂಟವಾಳ ಕಾಯಿಯ ನೊರೆ ತುಂಬಿದ ಬೋಗುಣಿಗಳು, ಸ್ಪಿರಿಟಿನ ದೀಪ, ಚಿಮಟ, ಮೂಲೆಯಲ್ಲಿ ಅರಗಿನ ಕುಡಿಕೆ. ಹಳೇ ಪೊಳ್ಳು ದಾಗೀನುಗಳು ನಗ್ಗದಿರಲೆಂದು ಒಳಗೆ ಅರಗು ತುಂಬಿರುತ್ತಾರೆ. ಅದನ್ನು ಕಾಯಿಸಿ ತೆಗೆಯದೆ ತೊಳೆಯಲಾಗದು, ಹೊಳಪು ಕೊಡಲಾಗದು. ತೆಗೆದ ಅರಗನ್ನು ಕಸುಬಿನವರು ಯಾರೂ ಎಸೆಯುವುದಿಲ್ಲ. ಹಳೇ ಅರಗಿಗೆ ಜಿಗುಟು ಹೆಚ್ಚು. ಕುಡಿಕೆಯಲ್ಲಿ ಕೂಡಿಸಿಟ್ಟು ಹೊಸ ಗುಂಡುಗಳಿಗೆ ತುಂಬುತ್ತಾರೆ. ಶ್ರೀವಾಣಿಯ ಕೈ ಈ ಕೆಲಸದಲ್ಲಿ ಪಳಗಿತ್ತು.

ಪದಕವನ್ನು ಚಿಮಟದಲ್ಲಿ ಹಿಡಿದು ದೀಪಕ್ಕೊಡ್ಡಿದಳು. ಅರಗು ಬೆವರಿತು, ಉಬ್ಬಿತು, ಗುಳ್ಳೆಯೆದ್ದಿತು. ಸುಟ್ಟ ಕೂದಲಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಸೂಜಿಯಿಂದ ಕೆದಕಿದರೆ ಒಂದು ಕೂದಲೆಳೆ ಸಿಕ್ಕಿತು. ಎಳೆದಳು. ಬಂತು. ಇನ್ನೂ ಎಳೆದಳು. ಇನ್ನೂ ಬಂತು. ಬೆರಳಗಲದ ಪದಕದಿಂದ ಮಾರುದ್ದದ ಕೂದಲು ಒದ್ದೆಯಾಗಿ ಹೊರಬರುತ್ತಲೇ ಇತ್ತು. ಒದ್ದೆ ಯಾಕಿರಬೇಕು? ಆಗಲಾದರೂ ಕೈ ಬಿಡಬೇಕಿತ್ತು ಪುಣ್ಯಾತ್ಗಿತ್ತಿ. ಅವಳೋ, ಮಾಂತ್ರಿಕ ಸುತ್ತಿ ಸುತ್ತಿ ತುರುಕಿದ್ದಾನೆ ಎಂದುಕೊಂಡಳು. ಕೂದಲನ್ನು ತುಂಡರಿಸಿದಳು. ಒಂದಿಷ್ಟು ಅರಗಿಗೇ ಅಂಟಿಕೊಂಡಿತ್ತು. ಕೂದಲು ಸಮೇತ ಎಲ್ಲವನ್ನೂ ಕುಡಿಕೆಗೆ ಸುರಿದು ಕರಗಿಸಿ ಕಲಕಿದಳು.

ಅಂದೇ ಸಂಜೆ ಅದೇ ಅರಗನ್ನು ಪೊಳ್ಳು ಗುಂಡುಗಳಿಗೆ ತುಂಬಿ, ಪೋಣಿಸಿ ಭಾರ್ಗವಿಗೊಂದು ಪುಟ್ಟ ಬೋರಮಾಳ ಮಾಡಿದಳು. ಹುಡುಗಿ ಬಹಳ ದಿನದಿಂದ ಕಣ್ಣಿಟ್ಟಿದ್ದ ಸರ. ಕೊರಳಿಗೆ ಹಾಕಿದಾಗ ಭಾರ್ಗವಿ ಕನ್ನಡಿಯಲ್ಲಿ ನೋಡಿಕೊಂಡು ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕಳು. ಶ್ರೀವಾಣಿಗೆ ಕಣ್ಣು ತುಂಬಿ ಬಂತು. ಇನ್ನೇನು, ಇವತ್ತಲ್ಲ ನಾಳೆ ಕರೆದೇ ಕರೆಯುತ್ತಾಳೆ ಎಂದು ಎದೆ ಹಿಗ್ಗಿತು.

ಮರುದಿನ ಊಟಕ್ಕೆ ಕೂತ ಭಾರ್ಗವಿ ತುತ್ತು ಎತ್ತಲಿಲ್ಲ.

“ಆಕಿಗೆ ಮೊದಲ ಬಡಸು,” ಎಂದು ಪಕ್ಕದ ಖಾಲಿ ನೆಲ ತೋರಿಸಿದಳು.

“ಯಾರಿಗೆ?”

ಹುಡುಗಿ ತಟ್ಟೆಯನ್ನೇ ಅತ್ತ ಸರಿಸಿ ಕಾಯುತ್ತ ಕೂತಳು. ಅನ್ನ ನೋಡನೋಡುತ್ತ ನೀರೊಡೆದು ಹಳಸಿತು. ಪಾಚಿಯ ನಾತ ಅಡುಗೆಮನೆ ತುಂಬಿತು. ಸಂಜೆಗೆ ಹುಡುಗಿಯ ಕೊರಳ ಸುತ್ತ ಕಪ್ಪು ಗೆರೆ ಮೂಡಿತು, ಜ್ವರ ಏರಿತು. ಡಾಕ್ಟರು ನೋಡಿ, ಗಿಲೀಟಿನ ಅಲರ್ಜಿ ಇದ್ದೀತು, ಸರ ತೆಗೆಯಿರಿ ಎಂದು ಮುಲಾಮು ಬರೆದರು. ಶ್ರೀವಾಣಿಗೂ ಅದೇ ಸರಿಯೆನಿಸಿತು. ಗಿಲೀಟು ಬೆವರಿಗೆ ಕಪ್ಪಾಗುವುದು ಅವಳಿಗೆ ಗೊತ್ತಿಲ್ಲದ್ದೇ? ಮನೆಗೆ ಬಂದು ಸರದ ಕೊಂಡಿ ಹುಡುಕಿದಳು. ತಾನೇ ಹಾಕಿದ ಕೊಂಡಿ. ಇರಲಿಲ್ಲ. ಸರಕ್ಕೆ ತುದಿಯೇ ಇರಲಿಲ್ಲ. ತಾನು ಪೋಣಿಸಿದ ರೇಷ್ಮೆ ದಾರವೂ ಇರಲಿಲ್ಲ. ಗುಂಡಿನಿಂದ ಗುಂಡಿಗೆ ಕಪ್ಪು ಒದ್ದೆ ಕೂದಲು ಹೊಸೆದುಕೊಂಡಿತ್ತು.

ಕತ್ತರಿ ಹಾಕಿದಳು. ಕತ್ತರಿಯ ಬಾಯಿ ಮುರಿಯಿತು.

ಆಗ ಅವಳ ನಗು ಉಡುಗಿತು.

ಬೆಳಗಾಗುತ್ತಲೇ ಹುಡುಗಿಯನ್ನು ಅತ್ತೆಯ ಮಡಿಲಿಗೆ ಹಾಕಿ, ಪದಕವನ್ನು ಸೆರಗಿಗೆ ಕಟ್ಟಿಕೊಂಡು ಕನ್ನೊಳ್ಳಿಗೆ ಸ್ಕೂಟಿ ಓಡಿಸಿದಳು. ಬಾಳಮ್ಮ ಹೊರಗಿನ ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ. ಹೊಸ ಇಳಕಲ್ ಸೀರೆ. ಕೊರಳು ಮಗುವಿನ ಕೊರಳಿನಂತೆ ಸ್ವಚ್ಛ.

“ಬರ್ರಿ ಬಾಯಾರ, ಕೂಡ್ರಿ. ಚಾ ಕುಡೀರಿ,” ಎಂದಳು.

“ಅಜ್ಜೀ, ನನ್ನ ಕೂಸು ಸಾಯಾಕತ್ತದ! ಇದನ್ನ ವಾಪಸ್ ತಗೋರಿ, ಕೈ ಮುಗೀತೀನಿ.”

ಬಾಳಮ್ಮ ಪದಕ ಕಂಡಿದ್ದೇ ಕಾಲು ಮೇಲೆಳೆದುಕೊಂಡು ಗೋಡೆಗೆ ಆತುಕೊಂಡಳು. “ಒಯ್ರಿ! ಒಯ್ರಿ ಅತ್ತಾಗ! ನಾ ಕೊಟ್ಟೀನಿ, ನೀವು ತಗೊಂಡೀರಿ. ಇನ್ನ ಅದು ನಿಮ್ಮದು.”

“ನೀವs ಬಿಚ್ಚಬ್ಯಾಡ್ರಿ ಅಂತ ಹೇಳಿದ್ರಿ. ಅಂಜಿಸಿದ್ರಿ...”

“ಹೇಳದ ಕೊಟ್ರ ತಿರುಗಿ ನನ್ನ ಕೊಳ್ಳಿಗೇ ಬರ್ತೈತ್ರಿ ಅದು. ಎಲ್ಲಾ ಬಿಚ್ಚಿ ಹೇಳಬೇಕು. ತಗೊಳ್ಳಾಕಿ ಕೇಳಿ ನಗಬೇಕು. ಎರಡನೇ ಸಂಬಂಧದಾಕೀನ ಆಗಿರಬೇಕು. ಹಂಗಂತ ಕಟ್ಟಿ ಹೋಗ್ಯಾನ ಆ ಮಾಂತ್ರಿಕ.” ಮುದುಕಿ ಎಲೆಯ ರಸ ಉಗುಳಿದಳು. “ಹರೇದಿಂದ ಹುಡಿಕೇನ್ರಿ. ಸುತ್ತಿನ ಹಳ್ಯಾಗ ಯಾರಿಗಿ ಹೇಳಿದ್ರೂ ಅಂಜಿ ಓಡ್ಹೋಗ್ತಿದ್ರು. ಒಬ್ರೂ ನಗಲಿಲ್ಲ. ಯಾರರೇ ಕಲತಾಕಿ ಬರಲಿ ಅಂತ ದಿನಾ ದೀಪಾ ಹಚ್ಚಿ ಬೇಡಕೊಂಡೀನಿ.”

ಶ್ರೀವಾಣಿಗೆ ಈಗ ಅರ್ಥವಾಯಿತು. ಎಂಥ ಮುದುಕಿ! ಎಚ್ಚರಿಕೆಯೆಂದು ಅಂದುಕೊಂಡ ಮಾತೇ ಕೊಂಡಿಯಾಗಿತ್ತು, ತಾನೇ ನಗುನಗುತ್ತ ಅದನ್ನು ಸಿಕ್ಕಿಸಿಕೊಂಡಿದ್ದಳು.

“ಅರಗ ಬಿಚ್ಚಬ್ಯಾಡ್ರಿ ಅಂದದ್ದು ಮಾತ್ರ ಖರೇ ರಿ,” ಬಾಳಮ್ಮನ ದನಿಯಲ್ಲಿ ತುಸು ಕನಿಕರ ಇಣುಕಿತು. “ಬಿಚ್ಚಿದವರು ನೀವು. ಈಗ ಕೂದಲಾ ಎಲ್ಲಾ ಕೂಡ್ಸಿ, ಅದs ಅರಗ ತುಂಬಿ, ನಿಮ್ಮ ಕೊಳ್ಳಾಗ ಕಟ್ಕೋರಿ. ‘ಅಕ್ಕಾ’ ಅಂತ ಕರೀರಿ. ಕೇಳಿದ್ದ ಕೊಡ್ರಿ. ಇಲ್ಲ ಅನಬ್ಯಾಡ್ರಿ.”

“ಏನ ಕೇಳ್ತಾಳ? ನೀವು ಏನ ಕೊಟ್ರಿ?”

ಬಾಳಮ್ಮ ಮುಖ ತಿರುಗಿಸಿದಳು. ಎಲೆ ಅಡಿಕೆಯ ತಟ್ಟೆ ಎತ್ತಿಕೊಂಡು ಒಳಗೆ ನಡೆದಳು.

ಹಿಂತಿರುಗುವ ದಾರಿಯಲ್ಲಿ, ಹೊತ್ತೇರುವ ಮುಂಚೆಯೇ, ಪಡುವಣ ದಿಕ್ಕು ಧೂಳಿನಿಂದ ಕೆಂಪಾಯಿತು, ಆಮೇಲೆ ಕಂದಾಯಿತು. ವೈಶಾಖದ ಮಳೆಗೂ ಮುನ್ನ ಏಳುವಂಥ ಧೂಳಿನ ಗಾಳಿ ಹೊಲಗಳ ಕರಿಮಣ್ಣನ್ನೆಲ್ಲ ಬಾಚಿಕೊಂಡು ಬಂದು ಹಗಲನ್ನೇ ನುಂಗಿತು. ಬಾಯೊಳಗೆ ಮಣ್ಣು, ಕಣ್ಣೊಳಗೆ ಮಣ್ಣು. ಸಿಂದಗಿ ಮುಟ್ಟುವಾಗ ಕರೆಂಟು ಹೋಗಿತ್ತು. ಮನೆಯ ಬಾಗಿಲು ದಡದಡ ಬಡಿದುಕೊಳ್ಳುತ್ತಿತ್ತು. ಅಂಗಳದಲ್ಲಿ ಇಂದೂಬಾಯಿಯವರು ತಲೆ ಕೆದರಿಕೊಂಡು ನಿಂತಿದ್ದರು.

“ವಾಣಿ, ಕೂಸು ನನ್ನ ದೂಡಿ ಹಿತ್ತಲ ಕೋಣಿಗೆ ಹೋದ್ಲು. ಕರದ್ರ... ಕರದ್ರ ಬ್ಯಾರೆ ಯಾರೋ ಓ ಅಂತಾರ!”

ಶ್ರೀವಾಣಿ ಓಡಿದಳು.

ಕೋಣೆಯಲ್ಲಿ ಕತ್ತಲೆ. ಕಿಣಿಕಿಣಿ ಸದ್ದು. ನೂರಾರು ದಾಗೀನುಗಳು ಒಟ್ಟಿಗೆ ಅಲುಗುವ ಸದ್ದು. ಸ್ಪಿರಿಟಿನ ದೀಪ ಹಚ್ಚಿದಳು. ನೆಲದ ಮಧ್ಯೆ ಭಾರ್ಗವಿ ಕೂತಿದ್ದಳು. ಗೋಡೆಯ ಮೇಲಿದ್ದ ಸರಗಳೆಲ್ಲ ಅವಳ ಮೈಮೇಲಿದ್ದವು. ಕೊರಳು, ತೋಳು, ಸೊಂಟ, ತಲೆ. ಆ ಭಾರಕ್ಕೆ ಪುಟ್ಟ ಬೆನ್ನು ಬಾಗಿತ್ತು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಖೋಟಾ,” ಎಂದಿತು ಮಗುವಿನ ಬಾಯಿ. ದನಿ ಮಗುವಿನದಲ್ಲ. ಬಾವಿಯ ತಳದಿಂದ ಬರುವ ದಪ್ಪ ದನಿ. “ಇದೂ ಖೋಟಾ. ಇದೂ ಖೋಟಾ.” ಒಂದೊಂದೇ ಸರ ಎಳೆದೆಳೆದು ಬಿಸಾಡುತ್ತಿತ್ತು. ಆಮೇಲೆ ಬೆರಳು ಶ್ರೀವಾಣಿಯ ಕಡೆ ತಿರುಗಿತು. “ಇಕೀನೂ ಖೋಟಾ. ಖೋಟಾ ಅವ್ವ.”

ಬೋರಮಾಳ ಬಿಗಿಯಿತು.

ಹುಡುಗಿಯ ಕಣ್ಣು ಮೇಲಾಯಿತು. ಬಾಯಿಂದ ಕಂದು ನೀರು ಬಳಬಳ ಸುರಿಯಿತು. ಶ್ರೀವಾಣಿ ಪಕ್ಕಡ ತೆಗೆದುಕೊಂಡಳು. ಕೊರಳ ಮೇಲಿದ್ದಂತೆಯೇ ಗುಂಡು ಹಿಚುಕಿದಳು. ಒಡೆಯಿತು. ಇನ್ನೊಂದು. ಒಡೆಯಿತು. ಅರಗಿನ ಚೂರು, ಕೂದಲು. ಬಾಚಿಕೊಂಡಳು. ಕೂದಲು ಬೆರಳಿಗೆ ಸುತ್ತಿಕೊಂಡಿತು. ಬಿಡಿಸಿದಳು. ಮತ್ತೆ ಸುತ್ತಿಕೊಂಡಿತು. ಕುಡಿಕೆ ದೀಪದ ಮೇಲಿಟ್ಟಳು. ಬಾಗಿಲಿಂದ ಗಾಳಿ ನುಗ್ಗಿತು. ದೀಪ ಬಗ್ಗಿತು. ಮೈ ಅಡ್ಡ ಇಟ್ಟಳು. ಸೆರಗು ಸುಟ್ಟಿತು. ಸುಡಲಿ. ಕರಗು, ಕರಗು ನಮ್ಮವ್ವ, ಬೇಗ ಕರಗು! ಅರಗು ಕುದಿಯಿತು. ಪದಕದ ಬೆನ್ನಿಗೆ ಕೂದಲು ತುರುಕಿದಳು. ಅರಗು ಸುರಿದಳು. ಆರುವವರೆಗೆ ಕಾಯಲು ಉಸಿರೆಲ್ಲಿತ್ತು? ಭಾರ್ಗವಿಯ ತುಟಿ ನೀಲಿಯಾಗಿತ್ತು. ಕಾಲು ಬಡಿಯುವುದು ನಿಂತಿತ್ತು. ಕಪ್ಪು ದಾರವನ್ನು ತಲೆಯ ಮೇಲಿಂದ ಇಳಿಸಿಕೊಂಡಳು. ಕುದಿಯುವ ಅರಗು ಎದೆಯ ಚರ್ಮಕ್ಕೆ ಕಚ್ಚಿತು.

“ಅಕ್ಕಾ!” ಎಂದು ಚೀರಿದಳು.

ಗಾಳಿ ನಿಂತಿತು. ಕಿಣಿಕಿಣಿ ನಿಂತಿತು. ಎದೆಯೊಳಗಿಂದ, ಎಲುಬಿನೊಳಗಿಂದ ದನಿ ಬಂತು.

“ನಿನಗ ಭಾಳ ಬೇಕಾದ್ದ ಏನೈತಿ?”

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. “ಇಕಿ ಬಾಯಿಂದ... ಅವ್ವ ಅನಿಸಿಕೊಳ್ಳೂದು.”

“ಅದನ್ನ ನನಗ ಕೊಡು.”

ಒಂದು ಗಳಿಗೆ ಅವಳ ಕರುಳು ಒಪ್ಪಲಿಲ್ಲ. ಹೌದು, ಒಪ್ಪಲಿಲ್ಲ. ವರ್ಷದ ಜಡೆ, ವರ್ಷದ ಚಪಾತಿ, ಕಟ್ಟೆಯ ಮೇಲಿನ ಪುಟ್ಟ ಬೆನ್ನು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಹುಡುಗಿಯ ಕೈ ನೆಲದ ಮೇಲೆ ಬಿದ್ದು ತೆರೆದುಕೊಂಡಿತು.

“ತಗೋ ಅಕ್ಕಾ. ತಗೋ. ಕೂಸು ಬದುಕಲಿ.”

ಬೋರಮಾಳ ಹರಿದು ಒಡೆದ ಗುಂಡುಗಳು ನೆಲದ ತುಂಬ ಚೆಲ್ಲಿದವು. ಭಾರ್ಗವಿ ಕೆಮ್ಮಿದಳು. ಉಸಿರೆಳೆದಳು. ಅತ್ತಳು, ತನ್ನದೇ ದನಿಯಲ್ಲಿ. ಹೊರಗೆ ಮಾಳಿಗೆಯ ಮೇಲೆ ದಪ್ಪ ಹನಿಗಳು ಬೀಳತೊಡಗಿದವು. ಇಂದೂಬಾಯಿಯವರು ಬಾಗಿಲಲ್ಲಿ ಬಂದು ನಿಂತು ರಾಯರನ್ನು ನೆನೆಯುತ್ತಿದ್ದರು. ಶ್ರೀವಾಣಿ ಮಗುವನ್ನು ತಬ್ಬಿಕೊಂಡಳು. ಎದೆ ಸುಟ್ಟು ಉರಿಯುತ್ತಿತ್ತು, ಅವಳಿಗೆ ಅದರ ಗ್ಯಾನವೇ ಇರಲಿಲ್ಲ.

ಆಗ ಪುಟ್ಟ ಕೈಗಳೆರಡು ಅವಳ ಕೊರಳನ್ನು ಬಳಸಿದವು.

“ಅವ್ವಾ,” ಎಂದಳು ಭಾರ್ಗವಿ.

ಶ್ರೀವಾಣಿಗೆ ನಂಬಲಾಗಲಿಲ್ಲ. “ಏನಂದಿ ಪುಟ್ಟಾ?”

“ಅವ್ವಾ. ನನ್ನ ಬಿಟ್ಟ ಎಲ್ಲೂ ಹೋಗಬ್ಯಾಡ ಅವ್ವಾ.”

ದೇವರೇ! ಕೊಡುತ್ತೇನೆಂದದ್ದಕ್ಕೇ ರಾಚವ್ವ ಮೆಚ್ಚಿ ಬಿಟ್ಟುಕೊಟ್ಟಳೇ? ಶ್ರೀವಾಣಿ ಅಳುತ್ತ ನಗುತ್ತ ಮಗುವಿನ ನೆತ್ತಿಗೆ ಮುದ್ದಿಟ್ಟಳು, ಗಲ್ಲ ಹಿಡಿದು ಮುಖ ಮೇಲೆತ್ತಿದಳು. ಮುಖ ಮೇಲೆ ಬಂತು, ಕಣ್ಣು ಬರಲಿಲ್ಲ. ಅವು ಅವಳ ಎದೆಯ ಮೇಲಿನ ಪದಕದಲ್ಲೇ ನೆಟ್ಟಿದ್ದವು. ಭಾರ್ಗವಿ ಎರಡೂ ಅಂಗೈಯಲ್ಲಿ ಅದನ್ನು ಹಿಡಿದು, ಗಿಲೀಟಿನ ಆ ಹೆಂಗಸಿನ ಕೆನ್ನೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಆಮೇಲೆ ನಿಧಾನವಾಗಿ ಕಣ್ಣೆತ್ತಿ ಶ್ರೀವಾಣಿಯ ಮುಖ ನೋಡಿ, ಬೆಚ್ಚಿ ಹಿಂದೆ ಸರಿದಳು.

“ಅವ್ವಾ, ಇಕಿ ಯಾರು?”

ನಾನು ಪುಟ್ಟಾ, ನಿನ್ನ ವಾಣಿ ಕಾಕು, ಎನ್ನಲು ಶ್ರೀವಾಣಿ ಬಾಯಿ ತೆರೆದಳು. ಅವಳ ಗಂಟಲಿನಿಂದ ಬಂದದ್ದು ಬಾವಿಯ ತಳದ ಆ ದಪ್ಪ ದನಿ.

“ಯಾರೂ ಅಲ್ಲ, ಮಗಾ. ಮನಿ ಕೆಲಸದಾಕಿ. ಅಂಜಬ್ಯಾಡ.”

ಭಾರ್ಗವಿ ಸಮಾಧಾನದಿಂದ ಪದಕಕ್ಕೆ ಕೆನ್ನೆ ಹಚ್ಚಿ ಕಣ್ಣು ಮುಚ್ಚಿದಳು.